ನಾಲ್ಕು ಬೆರಳು ದೂರದ ಕ್ಲಚ್ಚು

ಹಳೆ ಟ್ರಾಕ್ಟರು ಸತ್ತ ದಿನ ಆ ಮನೆಯ ಮೂವರು ಗಂಡಸರೂ ಒಟ್ಟಿಗೆ ಬುದ್ಧಿವಂತರಾದರು. ಟ್ರಾಕ್ಟರು ಸತ್ತಿದ್ದಕ್ಕಿಂತ ದೊಡ್ಡ ಅನಾಹುತ ಅದೇ.

ಗಾಡಿ ಹೋಗಿದ್ದರಲ್ಲಿ ಮನೆಯ ಸೊಸೆಗೆ ಆಶ್ಚರ್ಯವೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ದುಡಿದ ಆಮೆ ಗುರುತಿನ ಟ್ರಾಕ್ಟರು ಅದು. ಎರಡು ವರ್ಷದಿಂದ ಕೆಮ್ಮುತ್ತಿತ್ತು, ಒಂದು ವರ್ಷದಿಂದ ಎಣ್ಣೆ ಕಾರುತ್ತಿತ್ತು. ಆವತ್ತು ಬೆಳಿಗ್ಗೆ ಮೆಕ್ಕೆಜೋಳದ ಹೊಲದ ನಟ್ಟನಡುವೆ ಒಂದು ಸಲ ಢಂ ಎಂದು, ಹೊಟ್ಟೆಯೊಳಗಿನ ಕಬ್ಬಿಣದ ಮೂಳೆಯೊಂದನ್ನು ಪಕ್ಕೆ ಸೀಳಿಕೊಂಡು ಹೊರಗೆ ಚಾಚಿ ನಿಂತುಬಿಟ್ಟಿತು. ವೆಲ್ಡಿಂಗ್ ತಾತ ಬಂದ. ಮೂವತ್ತು ವರ್ಷದಿಂದ ಸುತ್ತಲಿನ ಹೊಲಗಳಲ್ಲಿ ಮುರಿದದ್ದನ್ನೆಲ್ಲ ಬೆಸೆಯುತ್ತ ಬಂದವನು ಅವನು. ಬಗ್ಗಿ ತೂತಿನೊಳಗೆ ಬೆರಳು ಹಾಕಿದ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

“ಏನ್ ತಾತ, ಉಪಯೋಗಕ್ಕೆ ಬರುತ್ತಾ?”

“ಯಾಕ್ ಬರಲ್ಲಮ್ಮ? ಬಟ್ಟೆ ಒಣಹಾಕ್ಬೋದು. ಕೋಳಿ ಕೂರಿಸ್ಬೋದು.”

ಅವಳು ನಗಲಿಲ್ಲ. ಸೀಟಿನ ಕೆಳಗಿಂದ ಹದಿಮೂರನೇ ನಂಬರಿನ ಸ್ಪ್ಯಾನರು ತೆಗೆದು, ಕ್ಲಚ್ಚಿನ ಪೆಡಲ್ಲಿಗೂ ಬ್ರೇಕಿನ ಪೆಡಲ್ಲಿಗೂ ಬಿಗಿದಿದ್ದ ಎರಡು ಮರದ ತುಂಡುಗಳನ್ನು ಬಿಚ್ಚಿಕೊಂಡು ಮನೆ ಕಡೆ ನಡೆದಳು.

ಆ ಮರದ ತುಂಡುಗಳ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಗಂಡನಿಗೆ ಸೊಂಟದ ಡಿಸ್ಕು ಜಾರಿ, ಟ್ರಾಕ್ಟರಿನ ಸೀಟಿರಲಿ, ಊಟದ ಕುರ್ಚಿಯಲ್ಲೂ ಕೂರಲಾರದ ಹಾಗಾಯಿತು. ಮಾವನಿಗೆ ಕಣ್ಣು ಮಂಜು. ಮೈದುನ ಪೇಟೆಯಲ್ಲಿ ಮೊಬೈಲ್ ಕವರಿನ ಅಂಗಡಿ ಇಟ್ಟುಕೊಂಡು ದೊಡ್ಡ ಮನುಷ್ಯನಾಗುತ್ತಿದ್ದ. ಹೊಲ ಉಳದೆ ಬಿದ್ದಿತ್ತು. ಗಂಡಸರೆಲ್ಲ ಕೂತು ಯಾರನ್ನು ಕರೆಸೋಣ, ಎಲ್ಲಿಂದ ಕರೆಸೋಣ ಎಂದು ಚರ್ಚೆ ನಡೆಸುತ್ತಿದ್ದಾಗ ಇವಳು ಹೋಗಿ ಟ್ರಾಕ್ಟರು ಹತ್ತಿದಳು. ಹತ್ತಿದ್ದೇನೋ ಸರಿ, ಕಾಲು ನೆಲಕ್ಕೂ ಇಲ್ಲ ಪೆಡಲ್ಲಿಗೂ ಇಲ್ಲ. ಆಳು ಅಷ್ಟು ಗಿಡ್ಡ. ಆಗ ವೆಲ್ಡಿಂಗ್ ತಾತ ಎರಡು ಗಟ್ಟಿ ಮರದ ತುಂಡು ತಂದು, ಪೆಡಲ್ಲಿಗೆ ತೂತು ಕೊರೆದು, ಬೋಲ್ಟು ಹಾಕಿ ಬಿಗಿದುಕೊಟ್ಟ. “ಕಾಲು ಉದ್ದ ಮಾಡಕ್ಕೆ ನನ್ ಕೈಲಾಗಲ್ಲಮ್ಮ, ಪೆಡಲ್ ಉದ್ದ ಮಾಡ್ತೀನಿ” ಎಂದಿದ್ದ.

ಅಲ್ಲಿಂದ ಹನ್ನೊಂದು ವರ್ಷ ಆ ಸೀಟು ಅವಳದು. ನೆಲದ ಮೇಲೆ ಅವಳು ಸೊಸೆ: ನೀರು ಕೊಡಮ್ಮ, ಬಾಗಿಲು ಹಾಕಮ್ಮ, ಕನ್ನಡಕ ಎಲ್ಲಿಟ್ಟೆ ನೋಡಮ್ಮ. ಸೀಟಿನ ಮೇಲೆ ಹತ್ತಿ ಕೂತರೆ ಡ್ರೈವರು. ಕೆಳಗಿರುವವರು ದಾರಿ ಬಿಡಬೇಕು. ಹನ್ನೊಂದು ವರ್ಷದಲ್ಲಿ ಆ ಸೀಟಿನ ಮೇಲಿದ್ದಾಗ ಒಬ್ಬನೂ ಅವಳನ್ನು ನೀರು ಕೇಳಿರಲಿಲ್ಲ. ಅದೊಂದು ಸೀಟು ಹೋದರೆ ಆ ಮನೆಯಲ್ಲಿ ಅವಳಿಗೆ ಕೂರಲು ಬೇರೆ ಜಾಗವಿರಲಿಲ್ಲ. ಕುರ್ಚಿಗಳಿದ್ದವು, ಅದು ಬೇರೆ ಮಾತು.

ಈಗ ಮೊಬೈಲ್ ಕವರಿನ ಅಂಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಮೈದುನ ಮನೆಗೆ ಬಂದು, ಸೋಫಾದ ಮೇಲೆ ಮಲಗಿ, ಫೋನಿನಲ್ಲಿ ಟ್ರಾಕ್ಟರುಗಳ ವಿಡಿಯೋ ನೋಡಿ ನೋಡಿ ಕೃಷಿ ಪಂಡಿತನಾಗಿದ್ದ. ಬಾಯಿ ತೆಗೆದರೆ ನಲವತ್ತೈದು ಎಚ್‌ಪಿ, ಐವತ್ತು ಎಚ್‌ಪಿ. ಅವನ ಹೆಸರೇ ಎಚ್‌ಪಿ ಎಂದಾಗಿಹೋಗಿತ್ತು. ಅದನ್ನು ಅವನು ಬಿರುದು ಎಂದು ತಿಳಿದಿದ್ದ.

“ಹೊಸದು ಬರ್ಲಿ, ಅತ್ತಿಗೆ ಆರಾಮಾಗಿರ್ಲಿ” ಎಂದ ಅವನು, ಹಳೆಯದರ ಎಣ್ಣೆ ಇನ್ನೂ ಹೊಲದಲ್ಲಿ ಹಸಿಯಾಗಿರುವಾಗಲೇ. “ಇಷ್ಟು ವರ್ಷ ಕಷ್ಟಪಟ್ಟಿದ್ದು ಸಾಕು. ಇನ್ನು ನಾನಿದೀನಲ್ಲ, ನಾನೇ ಓಡಿಸ್ತೀನಿ.”

“ನನಗೆ ಕಷ್ಟ ಅಂತ ಯಾರಪ್ಪ ಹೇಳಿದ್ದು?”

“ಹೇಳ್ಬೇಕಾ ಅತ್ತಿಗೆ? ನೋಡಿದ್ರೆ ಗೊತ್ತಾಗಲ್ವಾ?”

“ಸೋಫಾದಿಂದ ಅಷ್ಟು ದೂರ ಕಾಣಿಸುತ್ತಾ?”

ಮಾವ ಕೆಮ್ಮಿದರು. ಗಂಡ “ನೋಡೋಣ” ಎಂದ. ಅವನು ಎಲ್ಲದಕ್ಕೂ ನೋಡೋಣ ಎನ್ನುವವನು. ಮಳೆ ಬಂದರೆ ನೋಡೋಣ, ಬರದಿದ್ದರೆ ನೋಡೋಣ. ಸುತ್ತಲಿನವರು ಅವನನ್ನು ಕರೆಯುವುದೇ ನೋಡೋಣ ಎಂದು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಕೊನೆಗೂ ಏನನ್ನಾದರೂ ನೋಡಿದ್ದನ್ನು ಅವಳು ಕಂಡಿರಲಿಲ್ಲ.

ಅಲ್ಲಿಂದ ಹದಿನೈದು ದಿನ ಆ ಮನೆಯ ಊಟದ ಮೇಜು ಕಾಣಿಸಲಿಲ್ಲ. ಮೇಲೆಲ್ಲ ಟ್ರಾಕ್ಟರು ಕಂಪನಿಗಳ ಬಣ್ಣಬಣ್ಣದ ಕಾಗದ. ಎತ್ತು ಏರಿಗೆ, ಕೋಣ ನೀರಿಗೆ, ಇನ್ನೊಂದು ಎಲ್ಲಿಗೂ ಇಲ್ಲ. ಮಾವನದು ಮತ್ತೆ ಆಮೆ ಗುರುತೇ ಆಗಬೇಕೆಂಬ ಹಟ. ಯಾಕೆ? ಹಿಂದಿನದು ಅದೇ ಇತ್ತು, ಅದಕ್ಕೆ. ಹಿಂದಿನದು ಯಾಕೆ ತಂದಿದ್ದು? ಆಗ ಬೇರೆ ಅಂಗಡಿ ಇರಲಿಲ್ಲ, ಅದಕ್ಕೆ. ಎಚ್‌ಪಿಗೆ ಆನೆ ಗುರುತು ಬೇಕು. ಐವತ್ತು ಕುದುರೆಯ ಬಲ, ಎದೆಯೆತ್ತರದ ಬಾನೆಟ್ಟು, ಹಾಡಿನ ಪೆಟ್ಟಿಗೆ, ಮೂತಿಯ ಮೇಲೆ ಮದುವೆ ಛತ್ರದಷ್ಟು ದೀಪ.

“ಹಾಡು ಯಾಕೋ?” ಎಂದರು ಮಾವ.

“ಉಳುವಾಗ ಬೇಜಾರಾಗಲ್ವಾ ಅಪ್ಪಾ?”

“ನೀನು ಇನ್ನೂ ಒಂದು ಸಾಲು ಉತ್ತಿಲ್ಲ, ಆಗಲೇ ಬೇಜಾರಾ?”

ನೋಡೋಣನಿಗೆ ಹದ್ದಿನ ಗುರುತಿನ ಮೇಲೆ ಮನಸ್ಸು. ಅವನ ಸ್ನೇಹಿತನೊಬ್ಬ ತಗೊಂಡಿದ್ದ, ಇಲ್ಲಿವರೆಗೆ ಬೈದಿಲ್ಲ, ಅಷ್ಟೇ ಕಾರಣ. ಮೂವರೂ ಕಾಗದದ ಮೇಲೆ ಬೆರಳಿಟ್ಟು ಟನ್ನು, ಲೀಟರು, ಗೇರುಗಳ ಸಂಖ್ಯೆ ಓದುವುದೇನು, ಒಬ್ಬರ ಮೇಲೊಬ್ಬರು ಹಾಯುವುದೇನು! ಗಾಡಿಯ ಉದ್ದ ಓದಿದರು, ಅಗಲ ಓದಿದರು, ಟಯರಿನ ಹಲ್ಲು ಎಣಿಸಿದರು. ಸೀಟಿನಿಂದ ಪೆಡಲ್ಲಿಗೆ ಎಷ್ಟು ದೂರ ಎಂದು ಯಾವ ಮಗನೂ ಓದಲಿಲ್ಲ. ಅದು ಕಾಗದದಲ್ಲಿ ಇರಲೂ ಇಲ್ಲ. ಬರೆದವನೂ ಇವರ ಜಾತಿಯವನೇ ಇರಬೇಕು, ಓಡಿಸದವನು.

ಷೋರೂಮುಗಳಿಗೆ ಹೋಗುವ ದಿನ ಅವಳೂ ಹೊರಟಳು. “ನೀನ್ಯಾಕಮ್ಮ ಬಿಸಿಲಲ್ಲಿ?” ಎಂದರು ಮಾವ. ಹನ್ನೊಂದು ವರ್ಷ ಅವಳು ಬಿಸಿಲಲ್ಲಲ್ಲದೆ ಬೆಳದಿಂಗಳಲ್ಲಿ ಉತ್ತಿದ್ದಳೋ ಏನೋ.

ಆನೆ ಗುರುತಿನ ಅಂಗಡಿ ಕನ್ನಡಿಯ ಅರಮನೆ. ಒಳಗೆ ಹೆಜ್ಜೆಯಿಟ್ಟರೆ ಜಾರುವ ನೆಲ. ಮಣ್ಣಿನಲ್ಲಿ ಓಡಬೇಕಾದ ಗಾಡಿಯನ್ನು ಇಷ್ಟು ಹೊಳಪಿನ ನೆಲದ ಮೇಲೆ ನಿಲ್ಲಿಸುವವನನ್ನು ನಂಬಬಾರದು ಎಂದು ಅವಳಿಗೆ ಬಾಗಿಲಲ್ಲೇ ಅನಿಸಿತು. ಕೊರಳಿಗೆ ಟೈ ಬಿಗಿದ ಒಬ್ಬ ಓಡಿಬಂದು ಮೂವರು ಗಂಡಸರ ಕೈ ಕುಲುಕಿದ. ನಾಲ್ಕನೆಯವಳ ಕಡೆ ತಿರುಗಿ, “ಮೇಡಂ, ನೀವು ಈ ಕಡೆ ಫ್ಯಾನ್ ಕೆಳಗೆ ಕೂತ್ಕೊಳಿ, ಜ್ಯೂಸ್ ತರಿಸ್ತೀನಿ” ಎಂದ.

“ಜ್ಯೂಸ್ ಆಮೇಲೆ. ಇದರ ಮೇಲೆ ಹತ್ತಿ ಕೂರ್ಬೋದಾ?”

“ಅಯ್ಯೋ ಬನ್ನಿ ಮೇಡಂ, ಫೋಟೋ ತೆಗೀತೀನಿ!”

ಅವಳು ಹತ್ತಿದಳು. ಎಡಗಾಲು ಚಾಚಿದಳು. ಕಾಲಿನ ತುದಿಗೂ ಪೆಡಲ್ಲಿಗೂ ನಡುವೆ ನಾಲ್ಕು ಬೆರಳು ಗಾಳಿ. ಸೀಟಿನ ತುದಿಗೆ ಜರುಗಿ, ಬೆನ್ನು ಬಿಟ್ಟು, ಒತ್ತಿದಳು. ಕ್ಲಚ್ಚು ಅರ್ಧ ಇಂಚು ಕದಲಿ, ಇವಳನ್ನೇ ವಾಪಸು ತಳ್ಳಿತು.

“ಸೀಟು ಮುಂದಕ್ಕೆ ಬರುತ್ತಾ?”

“ಬರೋದೇನು ಮೇಡಂ, ಹಿಂದಕ್ಕೂ ಹೋಗುತ್ತೆ! ಆರಡಿ ಆಳಿಗೂ ಜಾಗ ಇದೆ.”

“ನಾನು ಮುಂದಕ್ಕೆ ಕೇಳಿದ್ದು.”

“ಇದೇ ಮೇಡಂ ಮುಂದೆ” ಎಂದು ಟೈ ಫೋಟೋ ತೆಗೆದ. ಆ ಹೊತ್ತಿಗೆ ಎಚ್‌ಪಿ ಹಾಡಿನ ಪೆಟ್ಟಿಗೆ ಹಾಕಿ ತಲೆ ಆಡಿಸುತ್ತಿದ್ದ.

ಆಮೆ ಗುರುತಿನದರಲ್ಲಿ ಮೂರು ಬೆರಳು. ಹದ್ದಿನ ಗುರುತಿನ ಅಂಗಡಿಯಲ್ಲಿ ಮಾತ್ರ ಸೀಟಿನ ಕೆಳಗೆ ಒಂದು ಹಿಡಿ ಇತ್ತು. ಎಳೆದರೆ ಸೀಟು ಸರ್ರನೆ ಮುಂದೆ ಬಂತು. ಕಾಲು ಪೆಡಲ್ಲಿನ ಮೇಲೆ ಹೂವಿಟ್ಟ ಹಾಗೆ ಕೂತಿತು. ಒತ್ತಿದರೆ ಇಳಿಯಿತು, ಬಿಟ್ಟರೆ ಎದ್ದಿತು. ಮರದ ತುಂಡು ಬೇಡ, ಸೀಟಿನ ತುದಿಗೆ ಜೋತುಬೀಳುವುದು ಬೇಡ. ಅವಳು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು. ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, ಕನ್ನಡಿ ಬಾಗಿಲಾಚೆ ಹೋಗುವ ಬಸ್ಸುಗಳನ್ನು ನೋಡುತ್ತ.

“ಇದು ಸರಿಯಾಗಿದೆ ರೀ” ಎಂದಳು ಗಂಡನಿಗೆ. “ನೀವು ಹೇಳಿದ್ದೇ ಸರಿ. ಇದನ್ನೇ ತಗೊಳ್ಳೋಣ.”

ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಹೆಂಡತಿ ತನ್ನ ಮಾತು ಸರಿ ಎಂದದ್ದಕ್ಕೆ ಆ ಮಹಾನುಭಾವ ಹಿಗ್ಗಬೇಕೋ ಬೇಡವೋ? ಅವನಿಗೆ ಗಾಬರಿಯಾಯಿತು. ತಾನು ಹೇಳಿದ್ದರಲ್ಲಿ ಏನೋ ತಪ್ಪಿರಬೇಕು ಎಂದು ಅನುಮಾನ ಬಂತು.

“ನೋಡೋಣ” ಎಂದ.

ಮುಂದಿನ ವಾರ ಮೂರು ಕಂಪನಿಯವರೂ ಒಂದೊಂದು ಟ್ರಾಕ್ಟರು ತಂದು ಅವರ ಹೊಲದಲ್ಲೇ ಉತ್ತು ತೋರಿಸುವುದೆಂದಾಯಿತು. ಹೊಲದ ಮೇಲ್ಭಾಗದ ಮೂಲೆಯಲ್ಲಿ ಕಲ್ಲಿನಷ್ಟು ಬಿರುಸಾದ ನೆಲವಿತ್ತು. ಅಲ್ಲಿ ಯಾವುದು ಆಳಕ್ಕೆ ಉಳುತ್ತದೋ ಅದೇ ಗಂಡು. ಮೂರನ್ನೂ ಓಡಿಸಿದವನು ಎಚ್‌ಪಿ. ಬೇಲಿಯುದ್ದಕ್ಕೂ ಅಕ್ಕಪಕ್ಕದವರು ನಿಂತಿದ್ದರು, ವರ್ಷಕ್ಕೊಮ್ಮೆ ಸಿಗುವ ಪುಕ್ಕಟೆ ತಮಾಷೆ ಯಾರು ಬಿಡುತ್ತಾರೆ? ನೇರ ಸಾಲಿನಲ್ಲಿ ಕಣ್ಣುಮುಚ್ಚಿ ಕತ್ತೆಯೂ ಉಳುತ್ತದೆ. ಎಚ್‌ಪಿ ಕಣ್ಣುಬಿಟ್ಟೇ ಉತ್ತ. ಆನೆ ಬಿರುಸು ಮೂಲೆಯನ್ನು ಕೇಕಿನ ಹಾಗೆ ಕತ್ತರಿಸಿಕೊಂಡು ಹೋಯಿತು, ಹದ್ದು ಎರಡು ಸಲ ಏದುಸಿರು ಬಿಟ್ಟು ಮುಗಿಸಿತು, ಆಮೆ ಆಮೆಯ ಹಾಗೇ ಹೋಯಿತು. ಮಾವ ಮುಖ ಆಚೆ ತಿರುಗಿಸಿದರು.

“ಒಂದು ಮಾತು” ಎಂದಳು ಅವಳು. “ಆ ಬಿರುಸು ಮೂಲೆ ಎಷ್ಟಿದೆ? ಹತ್ತು ಹೆಜ್ಜೆ. ವರ್ಷಕ್ಕೆ ಒಂದು ಗಂಟೆ ಕೆಲಸ. ಮಿಕ್ಕ ಕೆಲಸವೆಲ್ಲ ಟ್ರೇಲರಿಂದು. ಟ್ರೇಲರ್ ಕಟ್ಟಿ, ಓಣೀಲಿ ಹಿಂದಕ್ಕೆ ತಗೊಂಡು, ಷೆಡ್ ಒಳಗೆ ಹಾಕಿ ತೋರಿಸ್ಲಿ. ಆಮೇಲೆ ಮಾತಾಡೋಣ.”

ಅವಳು ಹೇಳಿದ ಓಣಿ ಮನೆಯ ಗೋಡೆಗೂ ಸಿಮೆಂಟಿನ ನೀರಿನ ತೊಟ್ಟಿಗೂ ನಡುವೆ ಇತ್ತು. ಟ್ರೇಲರಿಗಿಂತ ಎರಡೂ ಕಡೆ ಒಂದೊಂದು ಗೇಣು ಹೆಚ್ಚು ಅಗಲ, ನಡುವೆ ಒಂದು ಸೊಟ್ಟ ತಿರುವು. ಒಳಗೆ ತಿರುಗಿಸಲು ಜಾಗವಿಲ್ಲದ್ದರಿಂದ ಹಿಂದಕ್ಕೇ ಹೋಗಬೇಕು. ಟ್ರೇಲರನ್ನು ಹಿಂದಕ್ಕೆ ನಡೆಸುವುದೆಂದರೆ ಹಟಮಾರಿ ಮಗುವನ್ನು ನಡೆಸಿದ ಹಾಗೆ: ಎಡಕ್ಕೆ ಹೋಗಬೇಕಾದರೆ ಬಲಕ್ಕೆ ತಿರುಗಿಸಬೇಕು, ಅದೂ ಅದಕ್ಕೆ ಗೊತ್ತಾಗದ ಹಾಗೆ. ಹನ್ನೊಂದು ವರ್ಷ ಅದನ್ನು ಅವಳು ಎಷ್ಟು ಸಲೀಸಾಗಿ ಮಾಡಿದ್ದಳೆಂದರೆ, ಅದೊಂದು ಕೆಲಸ ಎಂಬುದೇ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಟ್ರೇಲರು ಸಂಜೆಯಾದರೆ ತಾನೇ ಹೋಗಿ ಷೆಡ್ಡಿನಲ್ಲಿ ಮಲಗುತ್ತದೆ ಎಂದುಕೊಂಡಿದ್ದರೋ ಏನೋ.

ಎಚ್‌ಪಿ ಬೇಲಿಯವರೆಗೂ ಕೇಳುವ ಹಾಗೆ ನಕ್ಕ. “ಹಿಂದಕ್ಕೆ ಹೋಗೋಕೆ ಯಾರಾದ್ರೂ ಐವತ್ತು ಎಚ್‌ಪಿ ತಗೋತಾರಾ ಅತ್ತಿಗೆ? ನಾವು ಮುಂದೆ ಹೋಗೋ ಜನ!”

ಬೇಲಿಯವರೂ ನಕ್ಕರು. ವೆಲ್ಡಿಂಗ್ ತಾತ ಒಬ್ಬ ನಗಲಿಲ್ಲ. ಓಣಿಯ ಕಡೆ ನೋಡಿದ, ಎಚ್‌ಪಿಯ ಕಡೆ ನೋಡಿದ, ತೊಟ್ಟಿಯ ನಲ್ಲಿಯ ಕಡೆ ನೋಡಿ, “ಪಾಪ” ಎಂದ. ಯಾರಿಗೆ ಹೇಳಿದನೋ.

ಊಟದ ಹೊತ್ತಿಗೆ ತೀರ್ಮಾನ. ಮಾವ ದೊಡ್ಡ ನ್ಯಾಯಸ್ಥರು. “ನಮ್ ಮನೇಲಿ ಯಾವತ್ತೂ ಒಬ್ಬರ ಮಾತು ನಡೆಯಲ್ಲ. ಎಲ್ಲರನ್ನೂ ಕೇಳೇ ಮಾಡೋದು” ಎಂದು ಶುರುಮಾಡಿದರು. ಎಲ್ಲರೂ ಎಂದರೆ ಯಾರೆಂದು ಹೇಳುವುದು ಬೇಡ. ಮಾವ ಆಮೆ ಎಂದರು. ಎಚ್‌ಪಿ ಆನೆ ಎಂದ. ನೋಡೋಣ ಒಂದು ನಿಮಿಷ ಯೋಚಿಸಿ ಹದ್ದು ಎಂದ. ಮೂರು ಜನ, ಮೂರು ಗುರುತು. ಮಾವ ಮೇಜಿನ ಸುತ್ತ ನೋಡಿದರು. ಅವಳು ಅಲ್ಲೇ, ಎರಡು ಮೊಳ ದೂರದಲ್ಲಿ, ತಟ್ಟೆ ಹಿಡಿದು ನಿಂತಿದ್ದಳು. ಮಾವನ ಕಣ್ಣು ಅವಳನ್ನು ದಾಟಿಕೊಂಡು ಹೋಗಿ ಮೇಜಿನ ತುದಿಯಲ್ಲಿ ಕೂತಿದ್ದ ಆನೆ ಅಂಗಡಿಯ ಟೈ ಮೇಲೆ ನಿಂತಿತು. ಬೇರೆ ಎರಡು ಕಂಪನಿಯವರು ಗಾಡಿ ತಗೊಂಡು ಹೊರಟುಹೋಗಿದ್ದರು. ಟೈ ಮಾತ್ರ ಊಟಕ್ಕೆ ಉಳಿದಿದ್ದ.

“ನೀವು ಹೊರಗಿನವರು” ಎಂದರು ಮಾವ, ಗಂಭೀರವಾಗಿ. “ಯಾವ ಪಕ್ಷಪಾತಾನೂ ಇಲ್ಲದೆ ನೀವೇ ಹೇಳಿ. ಯಾವುದು ತಗೊಳ್ಳೋಣ?”

ಅವಳ ಕೈಯ ತಟ್ಟೆ ಬೀಳಲಿಲ್ಲ. ಅಷ್ಟು ಗಟ್ಟಿ ಕೈ. ಟೈ ತುತ್ತು ನುಂಗಿ, ನೀರು ಕುಡಿದು, ಬಹಳ ಕಷ್ಟದ ಪ್ರಶ್ನೆ ಕೇಳಿದಂತೆ ಮೇಲೆ ನೋಡಿದ. “ಸತ್ಯ ಹೇಳ್ಬೇಕು ಅಂದ್ರೆ ಯಜಮಾನ್ರೇ, ಮೂರೂ ಒಳ್ಳೇವೇ. ಆದ್ರೆ ನಿಮ್ಮಂಥವರ ಮನೆಗೆ, ಆನೆ.”

“ನೋಡು, ಎಷ್ಟು ನಿಷ್ಪಕ್ಷಪಾತವಾಗಿ ಹೇಳ್ದ!” ಎಂದರು ಮಾವ.

ಕುರಿ ಕೂಡ ಕಟುಕನನ್ನು ಕೇಳುವುದಿಲ್ಲ, ಯಾವ ಚಾಕು ಒಳ್ಳೆಯದು ಎಂದು. ಅವಳು ತಟ್ಟೆಯನ್ನು ಟೈ ಮುಂದೆಯೇ ಕುಕ್ಕಿ ಒಳಗೆ ಹೋದಳು.

“ಕೋಪ ಬಂತಾ?” ಎಂದು ಆಮೇಲೆ ಗಂಡ ಕೇಳಿದ.

“ನನ್ನನ್ನೂ ಒಂದು ಮಾತು ಕೇಳಿದ್ರೆ ಹದ್ದಿಗೆ ಎರಡು ಓಟಾಗ್ತಿತ್ತು. ನೀವಾದ್ರೂ ‘ಅವಳನ್ನೂ ಕೇಳಿ’ ಅನ್ಬೋದಿತ್ತು.”

“ನನಗೆ ಹೊಳೀಲೇ ಇಲ್ಲ ಕಣೇ.”

ಅದು ಸುಳ್ಳಲ್ಲ. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಅವಳಿಗೆ ಹೊಟ್ಟೆ ಉರಿದದ್ದೂ ಅದಕ್ಕೇ.

ಆನೆ ಬಂತು. ಜೊತೆಗೆ ಒಂದು ಮರದ ಫಲಕವೂ ಬಂತು. ಎರಡು ಬೆರಳು ದಪ್ಪದ ಹಲಗೆ, ಮೇಲೆ ಆಳವಾಗಿ ಕೆತ್ತಿದ ಅಕ್ಷರ: ‘ಹೆಮ್ಮೆಯ ಮಾಲೀಕ’. ಟೈ ಅದನ್ನು ಎಚ್‌ಪಿಯ ಕೈಗೆ ಕೊಟ್ಟು ಫೋಟೋ ತೆಗೆದ. ಫಲಕ ಟಿವಿಯ ಮೇಲೆ ಕೂತಿತು. ಬೀಗದ ಕೈ ಎಚ್‌ಪಿಯ ಬೆರಳಿನಲ್ಲಿ ತಿರುಗತೊಡಗಿತು. ಹಳೆ ಟ್ರಾಕ್ಟರಿನ ಎರಡು ಮರದ ತುಂಡು ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಕೂತವು. ಅವಳೂ ಹೆಚ್ಚುಕಡಿಮೆ ಅಲ್ಲೇ. ಮೂರು ವಾರದಲ್ಲಿ ಎಷ್ಟು ಲೋಟ ನೀರು ಕೊಟ್ಟಳೋ ಲೆಕ್ಕವಿಲ್ಲ. ಹೊಲದ ಕಡೆಯಿಂದ ಹಾಡು ಕೇಳಿಸುತ್ತಿತ್ತು. ಆನೆ ನಡೆದದ್ದೇ ದಾರಿ. ನಡೆದದ್ದು ಮುಂದಕ್ಕೆ ಮಾತ್ರ ಎಂಬುದನ್ನು ಇನ್ನೂ ಯಾರೂ ಗಮನಿಸಿರಲಿಲ್ಲ.

ಈರುಳ್ಳಿ ಮನೆಗೆ ತಂದ ದಿನ ಅದು ಗಮನಕ್ಕೆ ಬಂತು.

ಕಿತ್ತು, ನಾಲ್ಕು ದಿನ ಹೊಲದಲ್ಲೇ ಒಣಗಿಸಿದ್ದ ಮೂರು ಟನ್ ಈರುಳ್ಳಿ ಟ್ರೇಲರಿಗೆ ತುಂಬಿ ಅಂಗಳಕ್ಕೆ ತರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಆಕಾಶದ ಒಂದು ಮಗ್ಗುಲು ಎಮ್ಮೆಯ ಬೆನ್ನಿನಂತೆ ಕಪ್ಪಗಾಗಿತ್ತು. ಒಣಗಿದ ಈರುಳ್ಳಿ ನೆನೆದರೆ ಕೊಳೆತೀತು, ಅದು ಮಕ್ಕಳಿಗೂ ಗೊತ್ತು. ಎಚ್‌ಪಿ ಹಾಡು ಹಾಕಿಕೊಂಡೇ ಓಣಿಯ ಬಾಯಿಗೆ ಬಂದ. ರಿವರ್ಸ್ ಗೇರು ಹಾಕಿದ. ಟ್ರೇಲರಿನ ಹಿಂಭಾಗ ನೆಟ್ಟಗೆ ಮನೆಯ ಗೋಡೆಯನ್ನು ನೋಡಿತು.

ಮುಂದಕ್ಕೆ ಬಂದ. ಮತ್ತೆ ಹಿಂದಕ್ಕೆ. ಈ ಸಲ ತೊಟ್ಟಿಯನ್ನು ನೋಡಿತು.

“ಎಡಕ್ಕೆ ತಗೋ, ಎಡಕ್ಕೆ!” ಎಂದರು ಮಾವ.

“ಎಡಕ್ಕೇ ತಗೊಂಡಿದೀನಲ್ಲ ಅಪ್ಪಾ!”

“ಅದು ಬಲಕ್ಕೆ ಹೋಗ್ತಿದೆಯಲ್ಲೋ!”

“ಅದಕ್ಕೆ ಹೇಳಿ ಹಂಗಾದ್ರೆ!”

ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು. ಬೇಲಿಯವರೆಲ್ಲ ಅಂಗಳಕ್ಕೇ ಬಂದರು. ಒಬ್ಬ ಬರಲಿ ಬರಲಿ ಎಂದು ಕೈ ಬೀಸಿದ, ಇನ್ನೊಬ್ಬ ಸಾಕು ಸಾಕು ಎಂದು ಟ್ರೇಲರನ್ನು ತಟ್ಟಿದ, ಮೂರನೆಯವನು ಚಕ್ರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾನೇ ಸೃಷ್ಟಿಕರ್ತನೆಂಬಂತೆ ತಲೆಯಾಡಿಸಿದ. ಮುಕ್ಕಾಲು ಗಂಟೆ ಕಳೆಯಿತು. ಹಾಡುಗಳೆಲ್ಲ ಮುಗಿದು ಮೊದಲಿಂದ ಶುರುವಾದವು.

“ಟ್ರೇಲರಿಂದೇ ಏನೋ ತಪ್ಪಿದೆ” ಎಂದ ಎಚ್‌ಪಿ, ಬೆವರು ಒರೆಸಿಕೊಂಡು. “ಕೊಂಡಿ ಸರಿ ಇಲ್ಲ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆಂದು ಅವನು ಸಿಟ್ಟಿನಲ್ಲಿ ಒಮ್ಮೆ ಹಿಂದಕ್ಕೆ ನುಗ್ಗಿಸಿದ ನೋಡಿ, ಟ್ರೇಲರಿನ ಮೂಲೆ ಹೋಗಿ ತೊಟ್ಟಿಯ ನಲ್ಲಿಗೆ ಬಡಿಯಿತು. ನಲ್ಲಿ ಹಾರಿತು. ನೀರು ಚಿಮ್ಮಿ ಸರಿಯಾಗಿ ಮಾವನ ಎದೆಗೆ ಬಿತ್ತು. ಬೇಲಿಯವರ ಪೈಕಿ ಒಬ್ಬ ಚಪ್ಪಾಳೆ ತಟ್ಟಿ, ಆಮೇಲೆ ನಾಚಿಕೊಂಡ.

“ಬುಟ್ಟೀಲಿ ಹೊತ್ತು ಹಾಕೋಣ” ಎಂದ ನೋಡೋಣ.

“ನೀನು ಹೊರ್ತೀಯೇನೋ? ಸೊಂಟ ಹಿಡ್ಕೊಂಡು?” ಎಂದು ಮಾವ ಒದ್ದೆ ಬಟ್ಟೆ ಹಿಂಡುತ್ತ ಗದರಿದರು. ಮೊದಲ ಹನಿ ಬಾನೆಟ್ಟಿನ ಮೇಲೆ ಟಪ್ ಎಂದಿತು.

ಆಗ ಎಲ್ಲರೂ ಒಂದೇ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಅವಳು ಕೂತಿದ್ದಳು. ಹರಿದ ಚೀಲಕ್ಕೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತ.

“ಏನಮ್ಮ, ಕಾಣಿಸ್ತಿಲ್ವಾ?” ಎಂದರು ಮಾವ.

“ಕಾಣಿಸ್ತಿದೆ ಮಾವ. ಮುಂದೆ ಹೋಗೋ ಜನ ಎಲ್ಲಿಗೆ ಹೋಗಿದಾರೆ ಅಂತ ನೋಡ್ತಿದೀನಿ.”

“ತಮಾಷೆ ಸಾಕು. ಬಂದು ಹಿಂದಕ್ಕೆ ಹಾಕು.”

“ಕಾಲು ಎಟುಕಲ್ಲ. ಅಂಗಡೀಲೇ ಕೂತು ನೋಡಿದ್ನಲ್ಲ. ನಾಲ್ಕು ಬೆರಳು ದೂರ ಇದೆ.” ಅವಳು ದಾರ ಕಡಿದಳು. ಎದ್ದು, ಬಾಗಿಲಿನ ಅಡ್ಡವಿದ್ದ ಎರಡು ತುಂಡು ಕೈಗೆತ್ತಿಕೊಂಡಳು. “ತಾತಾ, ಡ್ರಿಲ್ಲಿಂಗ್ ಮಷೀನ್ ತಂದಿದೀಯಾ?”

“ಬೆಳಿಗ್ಗೇನೇ ಸೈಕಲ್ ಮೇಲಿಟ್ಕೊಂಡೆ ಕಣಮ್ಮ” ಎಂದ ವೆಲ್ಡಿಂಗ್ ತಾತ. “ಇವತ್ತು ಈರುಳ್ಳಿ ತರ್ತಾರೆ ಅಂತ ಗೊತ್ತಿತ್ತಲ್ಲ.”

ಎಚ್‌ಪಿ ಸೀಟಿನಿಂದ ಜಿಗಿದು ಅಡ್ಡ ಬಂದ. “ಹೊಸ ಗಾಡಿಗೆ ತೂತಾ! ಪೆಡಲ್ ಕೊರೆದ್ರೆ ವಾರಂಟಿ ಹೋಗುತ್ತೆ!”

“ಮಾನವೇ ಹೋಗಿದೆ, ವಾರಂಟಿ ಇಟ್ಕೊಂಡು ಏನ್ ಮಾಡ್ತೀಯೋ?” ಎಂದರು ಮಾವ. ಎಪ್ಪತ್ತೆರಡು ವರ್ಷದ ಬದುಕಿನಲ್ಲಿ ಅವರಾಡಿದ ಸರಿಯಾದ ಮಾತುಗಳಲ್ಲಿ ಅದೂ ಒಂದು. ಬೇರೆ ಯಾವುದೆಂದು ಕೇಳಬೇಡಿ.

ತಾತ ತುಂಡನ್ನು ಪೆಡಲ್ಲಿನ ಮೇಲಿಟ್ಟು ನೋಡಿದ. ಅವಳು ಹತ್ತಿ ಕಾಲು ಚಾಚಿದಳು. ಇನ್ನೂ ಎರಡು ಬೆರಳು ಬಾಕಿ. ಹಳೆ ಗಾಡಿಯ ಅಳತೆಯ ತುಂಡು ಆನೆಗೆಲ್ಲಿ ಸಾಕಾದೀತು?

“ಇನ್ನೊಂದು ಹಲಗೆ ಬೇಕು. ಗಟ್ಟಿದು. ಎರಡು ಬೆರಳು ದಪ್ಪ” ಎಂದು ತಾತ ಅಂಗಳದಲ್ಲಿ ಹುಡುಕಿದ.

“ಟಿವಿ ಮೇಲಿದೆ” ಎಂದಳು ಅವಳು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಎಚ್‌ಪಿಗೆ. “ಅದು ಬೇಡ ಅತ್ತಿಗೆ! ಅದು ನನ್ ಫಲಕ! ಅಣ್ಣಾ, ನೀನಾದ್ರೂ ಹೇಳೋ!”

ನೋಡೋಣ ಹೆಂಡತಿಯನ್ನು ನೋಡಿದ. ಮೋಡವನ್ನು ನೋಡಿದ. ಮೂರು ಟನ್ ಈರುಳ್ಳಿಯನ್ನು ನೋಡಿದ. ಮದುವೆಯಾದ ಮೇಲೆ ಅವನು ಇಷ್ಟು ಸಂಗತಿಗಳನ್ನು ಒಟ್ಟಿಗೆ ನೋಡಿದ್ದು ಇದೇ ಮೊದಲು. ಸೊಂಟ ಹಿಡಿದುಕೊಂಡೇ ಒಳಗೆ ಹೋದ. ಫಲಕವನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ತಾತನ ಕೈಗೆ ಕೊಟ್ಟ.

ಗರಗಸ ಎರಡು ಪದಗಳ ನಡುವೆ ಹಾಯ್ದುಹೋಯಿತು. ತಾತ ತುಂಡುಗಳನ್ನು ತಿರುಗಿಸಿ ಹಿಡಿದ. “ಅಕ್ಷರ ಕೆಳಗೆ ಮಾಡ್ಲಾ ಅಮ್ಮಾ? ಮರ್ಯಾದೆಗೆ?”

“ಮೇಲೇ ಇರ್ಲಿ ತಾತ. ಕೆತ್ತನೆ ಇದ್ರೆ ಕಾಲು ಜಾರಲ್ಲ.”

ಹೀಗೆ ‘ಹೆಮ್ಮೆಯ’ ಕ್ಲಚ್ಚಿಗೆ ಬಂತು, ‘ಮಾಲೀಕ’ ಬ್ರೇಕಿಗೆ. ನಾಲ್ಕು ತೂತು, ನಾಲ್ಕು ಬೋಲ್ಟು. ಒಂದೊಂದು ತೂತು ಕೊರೆಯುವಾಗಲೂ ಎಚ್‌ಪಿ ತನ್ನ ಹಲ್ಲನ್ನೇ ಕೊರೆದಂತೆ ಮುಖ ಕಿವುಚಿದ. ಅವಳು ಹತ್ತಿ ಕೂತಳು. ಮೊದಲು ಹಾಡು ನಿಲ್ಲಿಸಿದಳು. ಅಂಗಳ ಇದ್ದಕ್ಕಿದ್ದಂತೆ ದೊಡ್ಡದಾಯಿತು.

“ಎಲ್ಲರೂ ದಾರಿ ಬಿಡಿ. ಕೈ ಬೀಸಬೇಡಿ. ಮಾವ, ನೀವೂನೂ.”

ಕಾಲು ಎಟುಕಿತು, ಆದರೆ ಕ್ಲಚ್ಚಿನ ಬಿಗಿ ಹಾಗೇ ಇತ್ತು. ಬೋಲ್ಟು ಹಾಕಿದರೆ ದೂರ ಕಡಿಮೆಯಾದೀತು, ಭಾರ ಕಡಿಮೆಯಾದೀತೇ? ಅವಳು ಸ್ಟೇರಿಂಗ್ ಹಿಡಿದು ಎದ್ದುನಿಂತು, ಮೈಯ ಭಾರವನ್ನೆಲ್ಲ ಎಡಗಾಲಿಗೆ ಹಾಕಿ ಒತ್ತಿದಳು. ಗೇರು ಬಿತ್ತು. ಕತ್ತು ಹಿಂದಕ್ಕೆ ತಿರುಗಿಸಿ, ಬಲಕ್ಕೆ ಒಂದಿಷ್ಟು, ಎಡಕ್ಕೆ ಒಂದಿಷ್ಟು. ಟ್ರೇಲರು ಹಿಂದಕ್ಕೆ ಸರಿಯಿತು. ಸೊಟ್ಟ ಬಂದ ಕಡೆ ಒಮ್ಮೆ ನಿಂತು, ಮತ್ತೆ ಎದ್ದುನಿಂತು ಒತ್ತಿ, ಒಂದು ಗೇಣು ಮುಂದೆ ಬಂದು, ಆಮೇಲೆ ಗೋಡೆಯನ್ನೂ ತೊಟ್ಟಿಯನ್ನೂ ಮುಟ್ಟದೆ ಬಿಲಕ್ಕೆ ಹೋಗುವ ಹಾವಿನ ಬಾಲದಂತೆ ಷೆಡ್ಡಿನೊಳಗೆ ಹೋಯಿತು. ಎಷ್ಟು ಹೊತ್ತಾಯಿತು? ತಾತ ಡ್ರಿಲ್ಲಿಂಗ್ ಮಷೀನಿನ ವಯರು ಸುತ್ತಿ ಮುಗಿಸಿರಲಿಲ್ಲ. ಆಮೇಲೆ ಮಳೆ ಧೋ ಎಂದು ಸುರಿಯಿತು.

ಷೆಡ್ಡಿನ ತಗಡಿನ ಕೆಳಗೆ ಅವಳು ಇಂಜಿನ್ ಆರಿಸಿ ಸ್ವಲ್ಪ ಹೊತ್ತು ಸೀಟಿನ ಮೇಲೇ ಕೂತಳು. ಎಡ ಮೊಣಕಾಲು ನೋಯುತ್ತಿತ್ತು. ಹದ್ದು ತಗೊಂಡಿದ್ದರೆ ಈ ಕಾಲು ಹೀಗೆ ನೋಯುತ್ತಿರಲಿಲ್ಲ, ಎದ್ದುನಿಂತು ತುಳಿಯಬೇಕಾಗಿರಲಿಲ್ಲ. ಇನ್ನು ಇಪ್ಪತ್ತು ವರ್ಷ ಈ ಆನೆಯನ್ನು ಎದ್ದು ನಿಂತು ನಿಂತು ತುಳಿಯಬೇಕು. ಮೂರು ಗಂಡಸರ ಬುದ್ಧಿಯ ಭಾರವನ್ನೆಲ್ಲ ಒಂದು ಮೊಣಕಾಲು ಹೊರಬೇಕು. ಅವಳು ಮೊಣಕಾಲು ತಿಕ್ಕಿಕೊಂಡಳು. ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಳೆಯಲ್ಲಿ ನೆನೆದುಕೊಂಡು ಎಚ್‌ಪಿ ಷೆಡ್ಡಿಗೆ ಓಡಿಬಂದ. ಹಿಂದೆಯೇ ಮಾವ.

“ಒಂದು ಲೋಟ ನೀರು...” ಎಂದು ಅಭ್ಯಾಸಬಲದಿಂದ ಶುರುಮಾಡಿದ ಮಾವ, ಅವಳು ಎಲ್ಲಿ ಕೂತಿದ್ದಾಳೆ ಎಂದು ತಲೆಯೆತ್ತಿ ನೋಡಿ, ಮಾತನ್ನು ಅಲ್ಲಿಗೇ ನುಂಗಿದರು. ಒಡೆದ ನಲ್ಲಿಯ ಕಡೆಗೆ ತಾವೇ ನಡೆದರು.

ಎಚ್‌ಪಿ ನಿಂತೇ ಇದ್ದ. ಬೆರಳಲ್ಲಿ ಏನೂ ತಿರುಗುತ್ತಿರಲಿಲ್ಲ.

“ಅತ್ತಿಗೆ, ಕೀ ಕೊಡ್ತೀರಾ? ನಾಳೆ ಬೆಳಿಗ್ಗೆ ಮೇಲಿನ ಹೊಲಕ್ಕೆ...”

“ನೋಡೋಣ” ಎಂದಳು ಅವಳು.